ತಮ್ಮ ಮರೆವು ತಮಗೇ ತಿಳಿಯದ ಹಿರಿಯರೊಂದಿಗೆ ನಡೆದುಕೊಳ್ಳುವುದು ಹೇಗೆ?

‘ನನಗೇನಾಗಿದೆ? ಮರೆವು ನಿಮಗೆ’ ಎಂದು ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ) ಇರುವ ಹಿರಿಯರು ರೇಗಿದಾಗ ಮನೆಯವರು ಅದನ್ನು ಹಟವೆಂದೇ ಭಾವಿಸುತ್ತಾರೆ. ತನ್ನ ಕೊರತೆ ತನಗೆ ಕಾಣದಿರುವುದೂ ಈ ಕಾಯಿಲೆಯ ಒಂದು ಲಕ್ಷಣ. ಪಾರ್ಶ್ವವಾಯುವಿನಿಂದ ದೇಹದ ಎಡಭಾಗದ ಸ್ವಾಧೀನ ತಪ್ಪಿದ್ದರೂ ಅದನ್ನು ಅರಿಯದ ರೋಗಿಗಳನ್ನು ಗಮನಿಸಿದ ಫ್ರಾನ್ಸಿನ ನರರೋಗ ತಜ್ಞ ಜೋಸೆಫ್ ಬಾಬಿನ್‌ಸ್ಕಿ, 1914ರಲ್ಲಿ ಇಂಥ ಸ್ಥಿತಿಗೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟರು. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ ಕಾಯಿಲೆಯಲ್ಲಿ ಹೊಸ ನೆನಪುಗಳು ಊರುವುದೇ ಕಷ್ಟ. ನಿನ್ನೆ ಮರೆತಿದ್ದೆ ಎಂಬುದೇ ಇಂದು ನೆನಪಿಲ್ಲದಿದ್ದರೆ, ‘ನಾನು ಮರೆಯುತ್ತಿದ್ದೇನೆ’ ಎಂದು ತಿಳಿಯುವುದಾದರೂ ಹೇಗೆ? ಮನೆಯ ಲೆಕ್ಕಪತ್ರವನ್ನೆಲ್ಲ ನಿಭಾಯಿಸುತ್ತಿದ್ದ ಹಳೆಯ ವ್ಯಕ್ತಿಯೇ ತಾವೆಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಆದ್ದರಿಂದ ಮೊದಲು ವಾದವನ್ನು ನಿಲ್ಲಿಸಬೇಕು. ಉಂಡು ಕೈತೊಳೆದ ಅಪ್ಪ ‘ಊಟವೇ ಹಾಕಲಿಲ್ಲ’ ಎಂದರೆ ಎಂಜಲು ತಟ್ಟೆ ತೋರಿಸಿ ಪ್ರಯೋಜನವಿಲ್ಲ. ಘಟನೆ ಮರೆತರೂ ಅವಮಾನದ ನೋವು ಮನಸ್ಸಿನಲ್ಲಿ ಉಳಿಯಬಹುದು. ‘ಹಸಿವಾಯಿತೇನಪ್ಪ, ಬಾಳೆಹಣ್ಣು ತರುತ್ತೇನೆ’ ಎಂದರೆ ಸಾಕು.

ಎರಡನೆಯದು ವೈದ್ಯರ ಭೇಟಿ. ಮರೆವಿನ ತಪಾಸಣೆಗೆಂದರೆ ಬರಲೊಪ್ಪದವರು ಬಿ.ಪಿ., ಶುಗರ್ ಪರೀಕ್ಷೆಗೆ ಬಂದಾರು, ಅವೂ ಹೇಗಿದ್ದರೂ ಆಗಬೇಕಾದವೇ. ವೈದ್ಯರು ಕೇಳಿದರೆ ಹಿರಿಯರು ‘ಎಲ್ಲ ಸರಿಯಿದೆ’ ಎನ್ನುವುದರಿಂದ, ಯಾವ ದಿನ ದಾರಿ ತಪ್ಪಿದರು, ಯಾವಾಗ ಮಾತ್ರೆಯನ್ನು ಎರಡು ಬಾರಿ ನುಂಗಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅವರೆದುರು ಓದದೆ, ಮುಂಚಿತವಾಗಿಯೇ ವೈದ್ಯರಿಗೆ ತಲುಪಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ ಮತ್ತು ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿರುವುದರಿಂದ ರಕ್ತಪರೀಕ್ಷೆಯನ್ನು ಮುಂದೂಡಬಾರದು.

ಅಪಾಯವನ್ನು ತಾವೇ ಅರಿಯಲಾರದವರಿಗೆ ‘ಜಾಗ್ರತೆ’ ಎಂದು ಹೇಳಿ ಫಲವಿಲ್ಲ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡುವುದು, ಮಾತ್ರೆಗಳನ್ನು ಎತ್ತಿಟ್ಟು ಹೊತ್ತಿಗೆ ಸರಿಯಾಗಿ ಕೊಡುವುದು, ಸ್ಕೂಟರಿನ ಕೀಲಿ ಕೈಗೆ ಸಿಗದಂತೆ ಇಡುವುದು ಮನೆಯವರದೇ ಕೆಲಸ. ದಣಿವಾದಾಗ ಅವರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಾಗೆಂದು ಎಲ್ಲರಿಗೂ ಅರಿವು ಅಳಿದಿರುತ್ತದೆ ಎಂದು ತಿಳಿಯಬಾರದು. ಆರಂಭದ ಹಂತದಲ್ಲಿ ಅನೇಕರಿಗೆ ತಮ್ಮ ಮರೆವು ಚೆನ್ನಾಗಿ ಗೊತ್ತಿರುತ್ತದೆ. ನಾಚಿಕೆಯಿಂದ ಮುಚ್ಚಿಡುತ್ತಾರೆ, ಒಳಗೇ ಕುಗ್ಗುತ್ತಾರೆ. ಉಯಿಲು, ಬ್ಯಾಂಕಿನ ನಾಮಿನಿ, ಮುಂದೆ ಯಾರ ಬಳಿ ಇರಲು ಇಷ್ಟ ಎಂಬುದನ್ನೆಲ್ಲ ಅವರನ್ನೇ ಕೇಳಿ ನಿರ್ಧರಿಸಬಹುದಾದ ಕಾಲ ಅದು. ಮುಂದಿನ ಹಂತದಲ್ಲೂ ಅರಿವು ಒಮ್ಮೊಮ್ಮೆ ಮಿಂಚಿ ಮರೆಯಾಗುತ್ತದೆ. ‘ನನಗೇನಾಗುತ್ತಿದೆ?’ ಎಂದು ಅಮ್ಮ ಕೇಳಿದರೆ ‘ಏನೂ ಇಲ್ಲ’ ಎಂದು ಮಾತು ತೇಲಿಸದೆ, ಪಕ್ಕದಲ್ಲಿ ಕುಳಿತು, ‘ಸ್ವಲ್ಪ ಮರೆವಾಗುತ್ತಿದೆಯಮ್ಮ, ನಾನು ಜೊತೆಗಿದ್ದೇನೆ’ ಎನ್ನಿ.