ಹಿಮ್ಮಡಿ ಹಿಡಿಯುವ ಕಾರ್ಗಿಯನ್ನು ಕೊಡಗಿನ ಮನೆಯಲ್ಲಿ ಪಳಗಿಸುವ ಬಗೆ

ಕಾರ್ಗಿ ಎಂಬ ಗಿಡ್ಡ ಕಾಲಿನ ನಾಯಿಯ ಮರಿ ತಂದ ಮನೆಗಳಲ್ಲಿ ಮೊದಲು ಕೇಳಿಬರುವ ದೂರು ಒಂದೇ: ನಡೆದರೆ ಸಾಕು, ಹಿಮ್ಮಡಿಗೆ ಬಾಯಿ ಹಾಕುತ್ತದೆ. ಮಕ್ಕಳು ಓಡಿದರೆ ಅಟ್ಟಿಸಿಕೊಂಡು ಹೋಗುತ್ತದೆ, ನೆಲ ಒರೆಸುವ ಬಟ್ಟೆಯನ್ನು ಎಳೆಯುತ್ತದೆ, ತೋಟಕ್ಕೆ ಹೊರಟವರ ಗಂಬೂಟು ಬಿಡುವುದಿಲ್ಲ. ಮರಿಗೆ ಸಿಟ್ಟು ಬಂದು ಹೀಗೆ ಮಾಡುತ್ತಿದೆ ಎಂದುಕೊಳ್ಳಬೇಡಿ. ವೇಲ್ಸ್ ಪ್ರದೇಶದ ರೈತರು ಈ ನಾಯಿಯನ್ನು ಸಾಕಿದ್ದೇ ದನ ಅಟ್ಟಲಿಕ್ಕೆ. ದನದ ಹಿಂಗಾಲಿಗೆ ಹಲ್ಲು ತಾಗಿಸಿ, ಅದು ಒದೆಯುವಷ್ಟರಲ್ಲಿ ತಲೆ ತಗ್ಗಿಸಿಬಿಡುವುದು ಇದರ ಕಸುಬು. ಭುಜದವರೆಗಿನ ಎತ್ತರ 25ರಿಂದ 30 ಸೆಂ.ಮೀ. ಅಷ್ಟೇ ಇರುವುದರಿಂದ ಒದೆತ ತಲೆಯ ಮೇಲಿಂದ ಹಾದುಹೋಗುತ್ತದೆ. ಆ ಕಸುಬು ರಕ್ತದಲ್ಲೇ ಇದೆ. ಹೊಡೆದರೆ ಅದು ಹೋಗುವುದಿಲ್ಲ, ಬಾಯಿಗೆ ಬೇರೆ ಕೆಲಸ ಕೊಟ್ಟರೆ ಹತೋಟಿಗೆ ಬರುತ್ತದೆ. ಈ ಬರಹದ ಬಹುಪಾಲು ಆ ಬೇರೆ ಕೆಲಸದ ಬಗ್ಗೆಯೇ.

ಇಲ್ಲಿ ಹೇಳಿರುವುದು ಪೆಂಬ್ರೋಕ್ ಕಾರ್ಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಉದ್ದ ಬಾಲದ ಕಾರ್ಡಿಗನ್ ಕಾರ್ಗಿ ಬೇರೆಯೇ ತಳಿ. 1934ರಲ್ಲಿ ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಎರಡನ್ನೂ ಪ್ರತ್ಯೇಕವಾಗಿ ಗುರುತಿಸಿತು. ಪಳಗಿಸುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಸಾಮಾನು ಮತ್ತು ಬೆನ್ನು

ಎದೆಯ ಮೇಲೆ ಇಂಗ್ಲಿಷ್ ವೈ ಅಕ್ಷರದ ಆಕಾರದಲ್ಲಿ ಕೂರುವ ಹಾರ್ನೆಸ್ (ಎದೆಪಟ್ಟಿ) ತೆಗೆದುಕೊಳ್ಳಿ. ಕಾರ್ಗಿಯ ಕತ್ತು ದಪ್ಪ. ಕಾಲರ್ ಸಡಿಲವಿದ್ದರೆ ಹಿಂದಕ್ಕೆ ಜಗ್ಗಿ ತಲೆ ನುಸುಳಿಸಿಕೊಂಡು ಓಡಿಬಿಡುತ್ತದೆ. ಹಾರ್ನೆಸ್ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮೂರು ತೂರಿದರೆ ಸಡಿಲ. ಅದರ ಜೊತೆ 1.5 ಮೀಟರಿನ ಸಾಧಾರಣ ಹಗ್ಗ, 8ರಿಂದ 10 ಮೀಟರಿನ ಉದ್ದ ಹಗ್ಗ, ಒಂದು ಚಾಪೆ, ಸೊಂಟಕ್ಕೆ ಕಟ್ಟಿಕೊಳ್ಳುವ ತಿಂಡಿ ಚೀಲ, ಎಳೆದಾಡಲು ಅರ್ಧ ಮೀಟರ್ ಉದ್ದದ ಹಗ್ಗದ ಆಟಿಕೆ. ಇಷ್ಟು ಸಾಕು.

ಬೆನ್ನಿನ ವಿಷಯ ಮೊದಲೇ ಹೇಳಿಬಿಡಬೇಕು. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಗೆ ಬೆನ್ನುಮೂಳೆಯ ನಡುವಿನ ತಟ್ಟೆ ಜರುಗುವ ಅಪಾಯ ಹೆಚ್ಚು. ಹಾಗಾಗಿ ಎರಡು ಕಾಲಲ್ಲಿ ನಿಂತು ಕೈ ಮುಗಿಯುವ ಆಟ ಕಲಿಸಲೇಬೇಡಿ. ಸೋಫಾದಿಂದ, ಜೀಪಿನಿಂದ ಹಾರಲು ಬಿಡಬೇಡಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ, ಬೆನ್ನು ನೆಲಕ್ಕೆ ಸಮನಾಗಿರಲಿ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಮಳೆಗಾಲದ ತೇವಕ್ಕೆ ಜಾರುತ್ತದೆ. ತರಬೇತಿ ಕೊಡುವ ಜಾಗಕ್ಕೆ ರಬ್ಬರ್ ಮ್ಯಾಟ್ ಹಾಸಿ. ನೆಲ ಜಾರಿದರೆ ಮರಿ ಕೂರಲು ಹಿಂಜರಿಯುತ್ತದೆ, ನಾವು ಅದನ್ನು ಹಠ ಎಂದು ತಪ್ಪು ತಿಳಿಯುತ್ತೇವೆ.

ತಿಂಡಿಯ ಲೆಕ್ಕ

ಕಾರ್ಗಿ ಹೊಟ್ಟೆಬಾಕ. ಪಳಗಿಸುವವರಿಗೆ ಅದು ವರ, ಬೆನ್ನಿಗೆ ಶಾಪ. ದೊಡ್ಡ ನಾಯಿಯ ತೂಕ ಸುಮಾರು 10ರಿಂದ 14 ಕಿಲೋ. ಅದರ ಮೇಲೆ ಒಂದೆರಡು ಕಿಲೋ ಏರಿದರೂ ಬೆನ್ನಿಗೆ ಹೊರೆ. ದಿನದ ಆಹಾರವನ್ನು ಬೆಳಿಗ್ಗೆಯೇ ತಕ್ಕಡಿಯಲ್ಲಿ ತೂಗಿ, ಮೂರರಲ್ಲೊಂದು ಭಾಗವನ್ನು ತಿಂಡಿ ಚೀಲಕ್ಕೆ ಹಾಕಿಕೊಳ್ಳಿ. 180 ಗ್ರಾಂ ಕೊಡುವವರು 60 ಗ್ರಾಂ ಅನ್ನು ತರಬೇತಿಗೆ ಇಟ್ಟು, ಉಳಿದ 120 ಗ್ರಾಂ ಅನ್ನು ತಟ್ಟೆಗೆ ಹಾಕಬೇಕು. ಕಷ್ಟದ ಪಾಠಕ್ಕೆ ಮಾತ್ರ ಉಪ್ಪು, ಖಾರ, ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ. ತುಂಡು ಅರ್ಧ ಕಡಲೆಕಾಳಿನಷ್ಟಿದ್ದರೆ ಸಾಕು. ಪಕ್ಕೆಲುಬಿನ ಮೇಲೆ ಅಂಗೈ ಆಡಿಸಿದಾಗ ಒತ್ತದೆಯೇ ಎಲುಬು ಸಿಗಬೇಕು. ಕೂದಲು ದಟ್ಟವಾಗಿರುವುದರಿಂದ ಕಣ್ಣಳತೆ ನಂಬುವಂತಿಲ್ಲ.

ಪಾಠ ಒಂದು ಸಲಕ್ಕೆ 3ರಿಂದ 5 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಸರಿಯಾಗಿ ಮಾಡಿದ ಕ್ಷಣಕ್ಕೆ ಒಂದು ಗುರುತಿನ ಮಾತು ಬೇಕು. ‘ಭೇಷ್’ ಎನ್ನಿ, ‘ಎಸ್’ ಎನ್ನಿ, ಮನೆಯವರೆಲ್ಲ ಅದನ್ನೇ ಬಳಸಿ. ಮಾತು ಮೊದಲು, ಕೈ ಚೀಲಕ್ಕೆ ಹೋಗುವುದು ಆಮೇಲೆ. ಒಬ್ಬರು ‘ಕೂರು’, ಇನ್ನೊಬ್ಬರು ‘ಸಿಟ್’, ಅಜ್ಜಿ ‘ಕುತ್ಕೊ’ ಎಂದರೆ ಮರಿಗೆ ಅವು ಮೂರು ಬೇರೆ ಪದಗಳು.

ಮಳೆಗಾಲದಲ್ಲಿ ಹೊರಗೆ ಹೋಗುವ ಅಭ್ಯಾಸ

ಎರಡು ತಿಂಗಳ ಮರಿ ಹಗಲು ಹೊತ್ತು ಹೆಚ್ಚೆಂದರೆ ಎರಡು ಮೂರು ಗಂಟೆ ತಡೆದುಕೊಳ್ಳುತ್ತದೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 10–20 ನಿಮಿಷಕ್ಕೆ, ಆಟ ಮುಗಿದ ತಕ್ಷಣ, ರಾತ್ರಿ ಮಲಗುವ ಮುಂಚೆ ಹೊರಗೆ ಕರೆದೊಯ್ಯಿರಿ. ಇದು ಎಲ್ಲ ಮರಿಗಳಿಗೂ ಅನ್ವಯಿಸುವ ಮಾತು. ಕೊಡಗಿನ ಕಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಕಾರ್ಗಿಯ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿಲ್ಲ. ನಮಗೆ ಪಾದ ಮುಚ್ಚುವ ಹುಲ್ಲು ಅದರ ಹೊಟ್ಟೆಯನ್ನೆಲ್ಲ ಒದ್ದೆ ಮಾಡುತ್ತದೆ. ಒಂದೆರಡು ಸಲ ಹಾಗಾದರೆ ಅದು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟು, ಒಳಗೆ ಬಂದು ಮೂಲೆ ಹುಡುಕುತ್ತದೆ.

ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ಸೌದೆ ಶೆಡ್ಡಿನ ಇಲ್ಲವೇ ಜೀಪು ನಿಲ್ಲಿಸುವ ಶೀಟಿನ ಮಾಡಿನ ಕೆಳಗೆ ಒಂದು ಮೀಟರ್ ಉದ್ದಗಲದ ಜಾಗ ಗೊತ್ತು ಮಾಡಿ, ನಾಲ್ಕು ಇಟ್ಟಿಗೆ ಸುತ್ತ ಇಟ್ಟು, ಎರಡು ಇಂಚು ಮರಳು ಅಥವಾ ಜಲ್ಲಿಪುಡಿ ಹರಡಿ. ಮರಿಯ ಮೂತ್ರ ಒರೆಸಿದ ಗೋಣಿಚೀಲದ ತುಂಡನ್ನು ಮೊದಲ ವಾರ ಅಲ್ಲೇ ಬಿಡಿ, ವಾಸನೆ ದಾರಿ ತೋರಿಸುತ್ತದೆ. ಹಗ್ಗ ಹಾಕಿ ಅಲ್ಲಿಗೇ ನಡೆಸಿ, ಮಾತಾಡದೆ ನಿಂತುಕೊಳ್ಳಿ. ಕೆಲಸ ಮುಗಿದ ಮೇಲೆ ಅಲ್ಲೇ ತಿಂಡಿ ಕೊಡಿ. ಮನೆಯೊಳಗೆ ಬಂದಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಸಿಕ್ಕಿತೆಂದು ಕಲಿಯುತ್ತದೆ. ಐದು ನಿಮಿಷವಾದರೂ ಆಗಲಿಲ್ಲವೇ? ಒಳಗೆ ತಂದು ಹತ್ತು ನಿಮಿಷ ಹಗ್ಗದಲ್ಲೇ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕರೆದೊಯ್ಯಿರಿ.

ಒಳಗೆ ತಪ್ಪು ಮಾಡಿದ ಜಾಗವನ್ನು ಫಿನಾಯಿಲ್‌ನಿಂದ ಒರೆಸಬೇಡಿ. ಅದು ವಾಸನೆ ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ, ಜೊತೆಗೆ ಮರಿ ಕಾಲು ನೆಕ್ಕಿದರೆ ಹೊಟ್ಟೆಗೆ ವಿಷ. ಸಾಕುಪ್ರಾಣಿಗಳಿಗೆಂದೇ ಬರುವ ಎನ್‌ಜೈಮ್ ಕ್ಲೀನರ್ ಬಳಸಿ. ಮೂತಿ ಹಿಡಿದು ತೋರಿಸಿ ಗದರಿದರೆ ಮರಿ ಕಲಿಯುವುದು ಒಂದೇ: ಇವರ ಎದುರು ಮಾಡಬಾರದು. ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತದೆ.

ಹಿಮ್ಮಡಿ

ನಾಲ್ಕರಿಂದ ಆರು ತಿಂಗಳವರೆಗೆ ಹಲ್ಲು ಬದಲಾಗುವಾಗ ಕಚ್ಚುವುದು ಬೇರೆ. ಆಗ ಅದು ಕುರ್ಚಿ, ಚಪ್ಪಲಿ, ಕೈ ಎಲ್ಲವನ್ನೂ ಅಗಿಯುತ್ತದೆ. ಒದ್ದೆ ಬಟ್ಟೆಯನ್ನು ಹುರಿ ಮಾಡಿ ಫ್ರೀಜರಿನಲ್ಲಿಟ್ಟು ನಿಮ್ಮ ಕಣ್ಣೆದುರು ಅಗಿಯಲು ಕೊಟ್ಟರೆ ಒಸಡಿಗೆ ಹಿತ. ಚಲಿಸುವ ಕಾಲನ್ನೇ ಹುಡುಕಿಕೊಂಡು ಬರುವುದು ದನ ಅಟ್ಟುವ ಗುಣ. ಅದರ ಗುರುತು ಕಚ್ಚುವ ಮೊದಲೇ ಕಾಣುತ್ತದೆ: ಕಿವಿ ಮುಂದಕ್ಕೆ, ತಲೆ ಭುಜಕ್ಕಿಂತ ಕೆಳಗೆ, ಕಣ್ಣು ಕಾಲಿನ ಮೇಲೆ ನೆಟ್ಟು, ಒಂದು ಕ್ಷಣ ಮೈ ಕಲ್ಲಾದಂತೆ. ಆ ಒಂದು ಕ್ಷಣದಲ್ಲಿ ಕರೆದರೆ ತಿರುಗುತ್ತದೆ, ಓಡಿದ ಮೇಲೆ ಕರೆದರೆ ತಿರುಗುವುದಿಲ್ಲ.

ಹಲ್ಲು ತಾಗಿದಾಗ ಕಂಬದ ಹಾಗೆ ನಿಂತುಬಿಡಿ. ಕಿರುಚುವುದು, ಕಾಲು ಝಾಡಿಸುವುದು, ಓಡುವುದು ಮೂರೂ ದನದ ನಡವಳಿಕೆ. ಅದಕ್ಕೆ ಬೇಕಾದ್ದೇ ಅದು. ಮರಿ ಬಿಟ್ಟ ಕೂಡಲೇ ‘ಭೇಷ್’ ಎಂದು ಹಗ್ಗದ ಆಟಿಕೆಯನ್ನು ನೆಲದ ಮೇಲೆ, ನಿಮ್ಮ ಕಾಲಿನಿಂದ ದೂರಕ್ಕೆ ಎಳೆಯಿರಿ. ಬಾಯಿಗೆ ಕೆಲಸ ಅಲ್ಲಿ ಸಿಗಲಿ.

ಇದು ತುರ್ತಿಗೆ. ನಿಜವಾದ ಪಾಠ ದೂರದಿಂದ ಶುರುವಾಗುತ್ತದೆ. ಮರಿಯನ್ನು ಹಗ್ಗದಲ್ಲಿ ಹಿಡಿದು ಚಾಪೆಯ ಮೇಲೆ ಕೂರಿಸಿ. ಮನೆಯವರೊಬ್ಬರು ಗಂಬೂಟು ಹಾಕಿಕೊಂಡು 10 ಮೀಟರ್ ಆಚೆ ನಿಧಾನಕ್ಕೆ ಅಡ್ಡ ನಡೆಯಲಿ. ಮರಿ ಬೂಟು ನೋಡಿ ನಿಮ್ಮತ್ತ ತಿರುಗಿದರೆ ‘ಭೇಷ್’, ತಿಂಡಿ. ಹತ್ತು ಸಲದಲ್ಲಿ ಎಂಟು ಸಲ ತಾನಾಗಿ ತಿರುಗಿದರೆ ಮರುದಿನ ಒಂದು ಮೀಟರ್ ಹತ್ತಿರ. ತಿಂಡಿ ಬೇಡ ಎಂದು ಮೂತಿ ತಿರುಗಿಸಿತೋ, ಹಗ್ಗ ಬಿಗಿಯಾಯಿತೋ, ಹತ್ತಿರವಾಯಿತು ಎಂದರ್ಥ. ಎರಡು ಮೀಟರ್ ಹಿಂದೆ ಹೋಗಿ. ನಡಿಗೆ ಆದಮೇಲೆ ಬಿರುಸು ನಡಿಗೆ, ಆಮೇಲೆ ಓಟ, ಆಮೇಲೆ ಪೊರಕೆ, ಸೈಕಲ್. ಹೊಸದೊಂದು ಸೇರಿಸಿದಾಗಲೆಲ್ಲ ಮತ್ತೆ 10 ಮೀಟರಿನಿಂದಲೇ. ಮೂರು ವಾರಕ್ಕೆ ಮುಗಿಸುವ ಅವಸರ ಬೇಡ. ಎರಡು ಮೂರು ತಿಂಗಳು ಹಿಡಿಯುವುದು ಸಹಜ.

ಈ ಪಾಠ ನಡೆಯುತ್ತಿರುವಾಗ ಒಂದು ಕಡೆ ಕಲಿಸಿ ಇನ್ನೊಂದು ಕಡೆ ಅಟ್ಟಲು ಬಿಟ್ಟರೆ ಶ್ರಮವೆಲ್ಲ ನೀರುಪಾಲು. ಬೆಳಿಗ್ಗೆ ಲೈನ್‌ಮನೆಯಿಂದ ಕೆಲಸದವರು ಬರುವ ಹೊತ್ತಿಗೆ ನಾಯಿ ಚಾಪೆಯ ಮೇಲೆ, ಹಗ್ಗದಲ್ಲಿ ಇರಲಿ. ಮಕ್ಕಳು ನಗುತ್ತಾ ಓಡುವ ಆಟ ಅದರೆದುರು ಬೇಡ. ‘ದನ ಅಟ್ಟುವ ನಾಯಿಯಲ್ಲವೇ, ಅಟ್ಟಲಿ’ ಎಂದು ಪಕ್ಕದ ಮನೆಯ ಹಸುಗಳತ್ತ ಬಿಡುವವರಿದ್ದಾರೆ. ಯಾರೂ ಕಲಿಸದ ಕಾರ್ಗಿಗೆ ಒದೆತ ತಪ್ಪಿಸಿಕೊಳ್ಳುವ ಅಳತೆ ಗೊತ್ತಿರುವುದಿಲ್ಲ. ದವಡೆ ಮುರಿಯಲು ಒಂದು ಒದೆತ ಸಾಕು.

‘ಕೂರು’, ‘ಬಿಡು’, ‘ಬಾ’

ಕೂರಿಸುವುದು ಸುಲಭ: ತಿಂಡಿಯನ್ನು ಮೂಗಿನಿಂದ ನೆತ್ತಿಯ ಮೇಲಕ್ಕೆ ಸರಿಸಿದರೆ ಹಿಂಭಾಗ ತಾನೇ ನೆಲ ಮುಟ್ಟುತ್ತದೆ. ಮಲಗಿಸುವಾಗ ತಿಂಡಿಯನ್ನು ಮುಂಗಾಲುಗಳ ನಡುವೆ ನೇರ ಕೆಳಕ್ಕೆ ಇಳಿಸಿ. ಮುಂದಕ್ಕೆ ಎಳೆದರೆ ಗಿಡ್ಡ ಕಾಲಿನಲ್ಲಿ ಎದ್ದು ನಡೆದುಬರುತ್ತದೆ.

‘ಬಿಡು’ ಮಾತ್ರ ತೋಟದ ಮನೆಯಲ್ಲಿ ಪ್ರಾಣ ಉಳಿಸುವ ಪಾಠ. ಮುಷ್ಟಿಯಲ್ಲಿ ತಿಂಡಿ ಹಿಡಿದು ಮೂಗಿನ ಮುಂದೆ ಇಡಿ. ನೆಕ್ಕಲಿ, ಕೆರೆಯಲಿ, ಕೈ ತೆರೆಯಬೇಡಿ. ಮೂಗು ಹಿಂದೆ ಸರಿದ ಕ್ಷಣ ‘ಭೇಷ್’ ಎಂದು ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಯಾವತ್ತೂ ಕೊಡಬೇಡಿ, ಕೊಟ್ಟರೆ ‘ಬಿಡು’ ಎಂದರೆ ‘ಸ್ವಲ್ಪ ಕಾದು ತಿನ್ನು’ ಎಂದಾಗುತ್ತದೆ. ತಾನಾಗಿ ಹಿಂಜರಿಯತೊಡಗಿದ ಮೇಲೆ ಪದ ಸೇರಿಸಿ. ನಂತರ ತೆರೆದ ಅಂಗೈ, ನೆಲ, ನಡೆಯುವ ದಾರಿ. ಕಾಫಿ ಹಣ್ಣು, ಕಣದಲ್ಲಿ ಒಣಗುವ ಕಾಫಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಹೊರಬಿದ್ದ ಸಿಹಿ ವಾಸನೆಯ ಸಿಪ್ಪೆ, ಎಲ್ಲದರಲ್ಲೂ ಕೆಫೀನ್ ಇದೆ. ಹೆಚ್ಚು ತಿಂದರೆ ವಾಂತಿ, ಎದೆಬಡಿತ, ನಡುಕ. ಅದಕ್ಕಿಂತ ಭಯಂಕರ ಆಫ್ರಿಕನ್ ಬಸವನಹುಳುವಿಗೆ ಇಡುವ ವಿಷ. ತವುಡು-ಬೆಲ್ಲಕ್ಕೆ ವಿಷ ಬೆರೆಸಿದ ಉಂಡೆಯಾಗಲಿ, ಮೆಟಾಲ್ಡಿಹೈಡ್ ಗುಳಿಗೆಯಾಗಲಿ, ನಾಯಿಗೆ ತಿಂಡಿಯಂತೆಯೇ ಕಾಣುತ್ತದೆ. ವಿಷ ಇಟ್ಟ ದಿನಗಳಲ್ಲಿ ಪಾಠವನ್ನು ನಂಬದೆ ಹಗ್ಗ ಹಾಕಿ. ತಿಂದ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ, ವಿಷದ ಪೊಟ್ಟಣವನ್ನೂ ತೆಗೆದುಕೊಂಡು ಪಶುವೈದ್ಯರಲ್ಲಿಗೆ ಓಡಿ. ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ) ಹೊಡೆದ ಸಾಲುಗಳಿಗೂ ಅದು ಒಣಗುವ ತನಕ ಬಿಡಬೇಡಿ.

‘ಬಾ’ ಕಲಿಸಲು ಉದ್ದ ಹಗ್ಗ ಬೇಕು. ಕಾಫಿ ಗಿಡಗಳ ನಡುವೆ ಅದು ಸುತ್ತಿಕೊಂಡು ಮರಿಯ ಬೆನ್ನಿಗೆ ಹಠಾತ್ ಜಗ್ಗು ಬೀಳುತ್ತದೆ. ಆದ್ದರಿಂದ ಕೊಯ್ಲಿಲ್ಲದ ತಿಂಗಳಲ್ಲಿ ಖಾಲಿ ಕಣದ ಮೇಲೆ ಅಭ್ಯಾಸ ಮಾಡಿಸಿ. ಹೆಸರು ಹಿಡಿದು ಒಂದೇ ಸಲ ‘ಬಾ’ ಎಂದು ನೀವೇ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ. ಬಂದರೆ ಒಂದರ ಹಿಂದೊಂದು ಐದು ತುಂಡು ಕೋಳಿ. ಕರೆದು ಗದರಬೇಡಿ, ಕರೆದು ಸ್ನಾನ ಮಾಡಿಸಬೇಡಿ. ಅಂಥ ಕೆಲಸಕ್ಕೆ ನೀವೇ ಹೋಗಿ ಎತ್ತಿಕೊಂಡು ಬನ್ನಿ.

ಜಿಗಣೆ, ಉಣುಗು, ಬೆರಳ ಸಂದಿ

ಮಳೆಗಾಲದಲ್ಲಿ ಪ್ರತಿ ಸಲ ಹೊರಗಿನಿಂದ ಬಂದಾಗಲೂ ನಾಲ್ಕೂ ಪಾದ, ಕಂಕುಳು, ಕಿವಿಯ ಒಳಗು, ಹೊಟ್ಟೆಯ ಕೆಳಗು ನೋಡಲೇಬೇಕು. ಆಗ ಹಿಡಿದು ಮಲಗಿಸಿ ಗುದ್ದಾಡಿದರೆ ಪಾದ ಮುಟ್ಟಿದವರನ್ನು ಕಚ್ಚುವ ನಾಯಿ ತಯಾರಾಗುತ್ತದೆ. ಮರಿಯಾಗಿದ್ದಾಗಲೇ ಪಾದವನ್ನು ಒಂದು ಸೆಕೆಂಡ್ ಮುಟ್ಟಿ ತಿಂಡಿ, ಎರಡು ಸೆಕೆಂಡ್ ಹಿಡಿದು ತಿಂಡಿ, ಬೆರಳು ಬಿಡಿಸಿ ತಿಂಡಿ, ಹೀಗೆ ಹತ್ತು ದಿನ ಮಾಡಿ. ಪಾದ ಎಳೆದುಕೊಂಡರೆ ಬಿಟ್ಟುಬಿಡಿ, ಕಡಿಮೆ ಹೊತ್ತು ಹಿಡಿದು ಮತ್ತೆ ಶುರುಮಾಡಿ. ಜಿಗಣೆ ಹಿಡಿದಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಅದರ ತೆಳು ತುದಿಯ ಕಡೆಯಿಂದ ಸರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ನಾಯಿಗೆ ಹೊಗೆಸೊಪ್ಪು ಹಚ್ಚಬೇಡಿ, ನೆಕ್ಕಿದರೆ ವಿಷವಾಗುತ್ತದೆ. ಜಿಗಣೆ ಮೂಗಿನೊಳಗೆ ಹೊಕ್ಕರೆ ವೈದ್ಯರೇ ತೆಗೆಯಲಿ. ಉಣುಗಿಗೆ ವೈದ್ಯರು ಹೇಳಿದ ಔಷಧಿಯನ್ನು ವರ್ಷವಿಡೀ ತಪ್ಪದೆ ಕೊಡಿ. ನೀರು ನಿಲ್ಲುವ, ಇಲಿ ಓಡಾಡುವ ಜಾಗವಾದ್ದರಿಂದ ಲೆಪ್ಟೋಸ್ಪೈರೋಸಿಸ್ (ಇಲಿಜ್ವರ) ಲಸಿಕೆಯನ್ನೂ ಕೇಳಿ ಹಾಕಿಸಿ. ಮೈ ಒಣಗಲೆಂದು ಕೂದಲು ಬೋಳಿಸಬಾರದು. ಅದರದು ಎರಡು ಪದರದ ಕೂದಲು, ಟವೆಲಿನಿಂದ ಒಳಪದರದವರೆಗೆ ಒರೆಸಿ.

ಬೊಗಳುವುದು, ಕೋವಿ ಸದ್ದು

ಗಾತ್ರಕ್ಕೆ ಮೀರಿದ ಗಂಟಲು ಇದರದು. ಗೇಟಿನ ಸದ್ದಿಗೆ ಎರಡು ಮೂರು ಸಲ ಬೊಗಳಲಿ. ನೀವು ಹೋಗಿ ನೋಡಿ, ‘ಸಾಕು’ ಎಂದು ಚಾಪೆಯ ಮೇಲೆ ತಿಂಡಿ ಹಾಕಿ. ‘ಸುಮ್ಮನಿರು’ ಎಂದು ಕೂಗಿದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದು ತಿಳಿಯುತ್ತದೆ. ಕತ್ತಲಾದ ಮೇಲೆ ಮನೆಯೊಳಗೇ ಮಲಗಲಿ. ಚಿರತೆಗೆ ಈ ಗಾತ್ರದ ನಾಯಿ ಸುಲಭದ ತುತ್ತು. ಆನೆಗೆ ಬೊಗಳಿ ಹೆದರಿದ ನಾಯಿ ಓಡಿಬರುವುದು ಯಜಮಾನನ ಕಾಲಬುಡಕ್ಕೆ, ಹಿಂದೆಯೇ ಆನೆ.

ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ನವೆಂಬರ್–ಡಿಸೆಂಬರ್ ಹುಣ್ಣಿಮೆಯ ಸುಗ್ಗಿ ಹಬ್ಬ ಪುತ್ತರಿ, ಎರಡರಲ್ಲೂ ಕೋವಿ ಹಾರಿಸುತ್ತಾರೆ. ಎರಡಕ್ಕೂ ಆರು ವಾರ ಮೊದಲೇ ಕೋವಿ ಸದ್ದಿನ ಅಭ್ಯಾಸ ಶುರುಮಾಡಿ. ಫೋನಿನಲ್ಲಿ ಈಡಿನ (ಗುಂಡು ಹಾರಿಸಿದ) ಸದ್ದನ್ನು ಕಿವಿ ಮಾತ್ರ ಅಲುಗುವಷ್ಟು ಸಣ್ಣಗೆ ಹಾಕಿ, ಸದ್ದಾದ ಮೇಲೆ ಕೋಳಿ ಕೊಡಿ. ತಿಂಡಿ ಮೊದಲು, ಸದ್ದು ಆಮೇಲೆ ಆದರೆ ಕೋಳಿಯನ್ನೇ ಕಂಡು ಹೆದರತೊಡಗುತ್ತದೆ. ದಿನಕ್ಕೆ ಐದಾರು ಸದ್ದು ಸಾಕು. ಮೂರು ದಿನ ನಿರಾಳವಾಗಿ ತಿಂದರೆ ಧ್ವನಿಯನ್ನು ಒಂದು ಹಂತ ಏರಿಸಿ. ಬಾಲದ ಬುಡ ತಗ್ಗಿಸಿ ಬಾಯಿ ನೆಕ್ಕಿಕೊಂಡರೆ ಎರಡು ಹಂತ ಇಳಿಸಿ.

ಹಬ್ಬದ ದಿನ ಮಧ್ಯಾಹ್ನವೇ ಚೆನ್ನಾಗಿ ನಡೆಸಿ, ಪುತ್ತರಿಯಾದರೆ ಗದ್ದೆಯಲ್ಲಿ ಭತ್ತದ ಕದಿರು ತೆಗೆಯುವ ಹೊತ್ತಿಗೆ ಮೊದಲೇ ಒಳಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಅಗಿಯಲು ಏನಾದರೂ ಕೊಡಿ. ಅಂಗಳದಲ್ಲಿ ಕಟ್ಟಿಹಾಕಬೇಡಿ. ಮೊದಲ ಈಡಿಗೇ ಹಾರ್ನೆಸ್ ಕಳಚಿಕೊಂಡು ಕತ್ತಲ ತೋಟಕ್ಕೆ ಓಡಿಹೋಗುವ ನಾಯಿಗಳಿವೆ. ಹೋದ ವರ್ಷ ನಡುಗಿ ಊಟ ಬಿಟ್ಟ ನಾಯಿಯಾದರೆ, ಆತಂಕ ತಗ್ಗಿಸುವ ಮಾತ್ರೆಯ ಬಗ್ಗೆ ಹಬ್ಬಕ್ಕೆ ಎರಡು ವಾರ ಇರುವಾಗಲೇ ವೈದ್ಯರನ್ನು ಕೇಳಿ, ಸದ್ದಿಲ್ಲದ ದಿನ ಒಮ್ಮೆ ಕೊಟ್ಟು ನೋಡಿ.