ನಿಮ್ಮ ಕಾರಿನ ಮೈಲೇಜ್ ನೀವೇ ಅಳೆಯಿರಿ

‘ಗಾಡಿ ಎಷ್ಟು ಕೊಡುತ್ತೆ?’ ತುಮಕೂರಿನಲ್ಲಿ ಕಾರು ಕೊಂಡವರಿಗೆ ಸಿಹಿ ಹಂಚುವ ಮೊದಲೇ ಎದುರಾಗುವ ಪ್ರಶ್ನೆ ಇದು. ಹೆಚ್ಚಿನವರು ಷೋರೂಮಿನಲ್ಲಿ ಕೇಳಿದ ಅಂಕಿಯನ್ನೇ ಒಪ್ಪಿಸುತ್ತಾರೆ. ಅದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಚಕ್ರ ತಿರುಗಿಸಿ ಪಡೆದ ಲೆಕ್ಕ. ಸಂಜೆ ಆರರ ಬಿ.ಎಚ್. ರಸ್ತೆ ಅಲ್ಲಿರುವುದಿಲ್ಲ.

ಮೊದಲು ಅಳತೆ

ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ. ಗನ್ ‘ಟಕ್’ ಎಂದು ತಾನಾಗಿ ನಿಂತ ಮೇಲೆ, ರೌಂಡ್ ಫಿಗರ್ ಮಾಡಲು ಹುಡುಗ ಇನ್ನೊಮ್ಮೆ ಒತ್ತಲು ಹೋಗುತ್ತಾನೆ. ಬೇಡ ಎನ್ನಿ, ಲೆಕ್ಕ ಕೆಡುವುದೇ ಅಲ್ಲಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುನ್ನೂರು, ನಾನೂರು ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಗನ್ನಿನಲ್ಲಿ ಮತ್ತೆ ‘ಟಕ್’ ಎನ್ನುವವರೆಗೆ ತುಂಬಿಸಿ. 412 ಕಿ.ಮೀ. ಓಡಿ 24.6 ಲೀಟರ್ ಹಿಡಿದರೆ ಲೀಟರಿಗೆ 16.7. ಊರೊಳಗೆ ಓಡಿದ ವಾರ, ಹೈವೇ ಓಡಿದ ವಾರ ಬೇರೆ ಬೇರೆ ಬರೆದಿಡಿ. ನನ್ನ ಹಳೇ ಪೆಟ್ರೋಲ್ ಕಾರಿಗೆ ಊರಲ್ಲಿ 13, ಶಿರಾ ಕಡೆ ಹೋಗಿಬಂದಾಗ 18. ಗಾಡಿ ಅದೇ, ಡ್ರೈವರೂ ನಾನೇ.

ಟ್ಯಾಂಕಿನಲ್ಲಿ ಏನಿದೆ?

ಈಗ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರರಲ್ಲಿ ಎರಡು ಪಾಲು ಮಾತ್ರ ಎಥನಾಲಿನಲ್ಲಿದೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 6–7ರಷ್ಟು ಶಕ್ತಿ ಕಡಿಮೆ. ಮೊದಲಿದ್ದ ಶೇ 10ರ ಮಿಶ್ರಣಕ್ಕೆ ಹೋಲಿಸಿದರೆ ಅದರರ್ಧ. 15 ಕೊಡುತ್ತಿದ್ದ ಕಾರು ಏಕಾಏಕಿ 11ಕ್ಕೆ ಇಳಿದಿದ್ದರೆ ಎಥನಾಲನ್ನು ಬೈಯುವುದು ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ.

ದುಬಾರಿ ಪ್ರೀಮಿಯಂ ಪೆಟ್ರೋಲ್? ಅದರ ಹೆಚ್ಚಿನ ಆಕ್ಟೇನ್ ಎಂಜಿನ್ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಉರಿದು ‘ಟಣ್ ಟಣ್’ ಎನ್ನುವುದು) ತಡೆಯುತ್ತದೆಯೇ ಹೊರತು ಶಕ್ತಿ ಸೇರಿಸುವುದಿಲ್ಲ. ಕಂಪನಿ ಕೇಳದಿದ್ದರೆ ಆ ದುಡ್ಡು ಉಳಿಸಿ. ಡೀಸೆಲ್ ಹೆಚ್ಚು ಕೊಡುತ್ತದೆ, ನಿಜ. ಆದರೆ ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಕಾರನ್ನು ಬರೀ ಬಟವಾಡಿ–ಟೌನ್‌ಹಾಲ್ ಓಡಾಟಕ್ಕೆ ಇಟ್ಟುಕೊಂಡರೆ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳಬಹುದು. ಇನ್ನು ‘ಸಿಎನ್‌ಜಿ 25 ಕೊಡುತ್ತೆ’ ಎಂದರೆ ಅದು ಕೆ.ಜಿ.ಗೆ, ಒಂದು ಕೆ.ಜಿ.ಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನ ಶಕ್ತಿ ಇದೆ. ಹೋಲಿಸಬೇಕಾದರೆ ಅಂದಿನ ದರವನ್ನು ಮೈಲೇಜಿನಿಂದ ಭಾಗಿಸಿ, ಕಿ.ಮೀ.ಗೆ ಎಷ್ಟು ರೂಪಾಯಿ ಬಿತ್ತು ಎಂದು ನೋಡಿ.

ರಸ್ತೆ ಮತ್ತು ಬಲಗಾಲು

ಗಾಳಿಯ ತಡೆ ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. ನೆಲಮಂಗಲದ ಕಡೆ 80ರಲ್ಲಿ ಹೋಗುವ ಬದಲು 100ರಲ್ಲಿ ಹೋದರೆ ಅದು ಒಂದೂವರೆ ಪಟ್ಟು ದಾಟುತ್ತದೆ. ಹಾಗೆ ಉಳಿಸಿದ ನಿಮಿಷಗಳನ್ನು ಬೆಂಗಳೂರಿನ ಗೊರಗುಂಟೆಪಾಳ್ಯದ ಟ್ರಾಫಿಕ್ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ನಿಂತ ಕಾರಿನ ಎಂಜಿನ್ ಕೂಡ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಉದ್ದ ಸಿಗ್ನಲ್ ಬಿದ್ದರೆ ಆಫ್ ಮಾಡಿ. ಊರೊಳಗೆ ಹಂಪು, ಆಟೊ, ದನ ದೂರದಿಂದಲೇ ಕಂಡಾಗ ಕಾಲು ತೆಗೆದುಬಿಡಿ. ಒತ್ತಿದ ಪ್ರತಿ ಬ್ರೇಕೂ ಪೆಟ್ರೋಲನ್ನು ಬಿಸಿಯಾಗಿಸಿ ಗಾಳಿಗೆ ಬಿಟ್ಟಂತೆ.

ದೇವರಾಯನದುರ್ಗದ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಹಾಕುವ ಜಾಣರು ಈಗಲೂ ಇದ್ದಾರೆ. ಕಾರ್ಬುರೇಟರ್ ಕಾಲದ ಅಭ್ಯಾಸ. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ, ಗೇರಿನಲ್ಲೇ ಇದ್ದು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಹರಿವೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬಿದ್ದು, ತಿರುವಿನಲ್ಲಿ ಬ್ರೇಕ್ ಕಾದ ವಾಸನೆ ಬರುತ್ತದೆ. ಎರಡು, ಮೂರನೇ ಗೇರಿನಲ್ಲಿ ಇಳಿಯಿರಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಬರೆದಿರುತ್ತದೆ. ಧರ್ಮಸ್ಥಳಕ್ಕೆ ಹೋಗಿಬಂದು ಎರಡು ತಿಂಗಳಾದರೂ ಕಾರಿನ ಮೇಲಿನ ಕ್ಯಾರಿಯರ್ ಗಾಳಿಗೆ ಅಡ್ಡವಾಗಿ ಹಾಗೇ ಇದ್ದರೆ, ಈ ಭಾನುವಾರ ಬಿಚ್ಚಿ ಮನೆಯೊಳಗಿಡಿ.