ಹಣ್ಣಿನ ಜೊತೆಗೆ ಜೋನಿಬೆಲ್ಲದ ಡಿಪ್: ನನ್ನ ಅನುಭವ

ಕ್ರೀಮ್ ಚೀಸ್ (ಬೆಣ್ಣೆ ಥರದ ಮೆತ್ತಗಿನ ಚೀಸ್) ಇಲ್ಲದೆ ಹಣ್ಣಿಗೆ ಸಿಹಿ ಡಿಪ್, ಅಂದರೆ ಹಣ್ಣನ್ನು ಅದ್ದಿ ತಿನ್ನುವ ಗಟ್ಟಿ ಸಿಹಿ, ಮಾಡೋಕೆ ಆಗೋದಿಲ್ಲ ಅಂದವರು ಈಗ ನಮ್ಮ ಹತ್ತಿರವೇ ಡಿಪ್ ಬೇಕು ಅಂತ ಆರ್ಡರ್ ಕೊಡುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಶಿವಮೊಗ್ಗದಲ್ಲಿ ನಮ್ಮದು ಸಣ್ಣ ಕೇಟರಿಂಗ್. ನಾಮಕರಣ, ಸೀಮಂತ, ಗೃಹಪ್ರವೇಶ ಇಂಥವು. ಐವತ್ತು ಜನದಿಂದ ಇನ್ನೂರರವರೆಗೆ. ಈ ಕಸುಬಿನಲ್ಲಿ ಇರುವವರಿಗೆ ಹಣ್ಣಿನ ತಟ್ಟೆಯ ಕಥೆ ಗೊತ್ತೇ ಇದೆ. ದ್ರಾಕ್ಷಿ, ದಾಳಿಂಬೆ ಖಾಲಿಯಾಗುತ್ತದೆ. ಪರಂಗಿ ಮಾತ್ರ ಹೋದ ಹಾಗೇ ವಾಪಸ್ ಬರುತ್ತದೆ. ಹೆಚ್ಚಿದವರ ಕೂಲಿಯೂ ದಂಡ, ಹಣ್ಣೂ ದಂಡ.

ಅಮೆರಿಕದಿಂದ ಬಂದ ಮನೆಯವರೊಬ್ಬರು ಮಗುವಿನ ನಾಮಕರಣಕ್ಕೆ ಹಣ್ಣಿನ ಜೊತೆ ಡಿಪ್ ಇಡಿ ಅಂದರು. ಅಲ್ಲಿ ಅದು ಐದು ನಿಮಿಷದ ಕೆಲಸವಂತೆ. ಕ್ರೀಮ್ ಚೀಸಿಗೆ ಮಾರ್ಷ್‌ಮ್ಯಾಲೋ ಕ್ರೀಮ್ (ನೊರೆಯಂಥ ಅಂಟು ಸಿಹಿ) ಹಾಕಿ ತಿರುವಿದರೆ ಮುಗಿಯಿತು. ಲೆಕ್ಕ ಹಾಕಿ ನೋಡಿದೆ. ಇನ್ನೂರು ಗ್ರಾಂ ಕ್ರೀಮ್ ಚೀಸಿಗೆ ಇನ್ನೂರು ರೂಪಾಯಿ ಮೇಲೆ. ಐವತ್ತು ಜನಕ್ಕೆ ಎರಡು ಕೆಜಿ ಡಿಪ್ ಬೇಕು, ಅದರಲ್ಲಿ ಅರ್ಧ ಚೀಸ್ ಅಂದರೂ ಬರೀ ಅದಕ್ಕೇ ಸಾವಿರ ದಾಟುತ್ತದೆ. ದುಡ್ಡು ಅವರೇ ಕೊಡುತ್ತಾರೆ ಅಂದುಕೊಂಡರೂ ಇನ್ನೊಂದು ತೊಡಕು ಇತ್ತು. ಮಾರ್ಷ್‌ಮ್ಯಾಲೋ ಕ್ರೀಮಿನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಮಾರ್ಷ್‌ಮ್ಯಾಲೋ ಕರಗಿಸೋಣ ಅಂದರೆ ಸಾಮಾನ್ಯವಾಗಿ ಅದರಲ್ಲಿ ಜೆಲಟಿನ್. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಮಡಿಯಲ್ಲಿ ಅಡುಗೆ ಮಾಡುವ ಮನೆಗೆ ಅದನ್ನು ಒಯ್ಯುವುದು ಹೇಗೆ? ಪ್ಯಾಕೆಟ್ ಮೇಲೆ ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ನೋಡದೆ ತಂದುಬಿಡುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಮಾತು.

ನಮ್ಮೂರ ಕಡೆ ಹಣ್ಣಿಗೆ ಸಿಹಿ ಕೂಡಿಸುವುದು ಹೊಸದೇನಲ್ಲ. ರಸಾಯನ ಇದೆ, ಸೀಕರಣೆ ಇದೆ. ಆದರೆ ಅವೆರಡೂ ನೀರು. ಕಡ್ಡಿ ಚುಚ್ಚಿದ ಹಣ್ಣನ್ನು ಅದ್ದಿ ಎತ್ತಿದರೆ ಸೀರೆ ಮೇಲೆ ಸುರಿಯುತ್ತದೆ. ಹಣ್ಣಿಗೆ ಅಂಟಿ ನಿಲ್ಲುವಂಥದ್ದು ಬೇಕಿತ್ತು. ಗಟ್ಟಿ ಮೊಸರು, ಜೋನಿಬೆಲ್ಲ (ಅಚ್ಚಿಗೆ ಹಾಕದ ನೀರುಬೆಲ್ಲ), ಗೋಡಂಬಿ. ಇಷ್ಟರಲ್ಲೇ ಆಗಬೇಕು ಅಂತ ಶುರು ಮಾಡಿದೆ.

ನಮ್ಮ ಅಡುಗೆ ಭಟ್ಟರು ಮೊದಲ ದಿನವೇ ಕೈ ಎತ್ತಿದರು. ‘ಹಾಲಿನ ಸಾಮಾನಿಗೆ ಬೆಲ್ಲ ಹಾಕಿದ್ರೆ ಒಡೆಯದೆ ಇರ್ತದಾ ಮಾರಾಯ್ರೇ? ಸುಮ್ನೆ ಹಾಲು ದಂಡ’ ಅಂದರು. ಕುದಿಯುವ ಪಾಯಸಕ್ಕೆ ಬೆಲ್ಲ ಬಿದ್ದು ಹಾಲು ಒಡೆದದ್ದನ್ನು ಎಲ್ಲರೂ ನೋಡಿದ್ದೇವೆ, ಸರಿ. ಆದರೆ ಮೊಸರು ಅಂದರೆ ಆಗಲೇ ಹುಳಿಗೆ ಹೆಪ್ಪುಗಟ್ಟಿದ ಹಾಲು. ಅದರಲ್ಲಿ ಇನ್ನು ಒಡೆಯುವುದಕ್ಕೆ ಏನು ಉಳಿದಿದೆ ಭಟ್ರೇ ಅಂತ ಕೇಳಿದೆ. ಉತ್ತರ ಬರಲಿಲ್ಲ. ಅತ್ತಿಗೆಯದು ಬೇರೆ ತಕರಾರು. ಮೊಸರಿಗೂ ಬಾಳೆಹಣ್ಣಿಗೂ ಆಗಿಬರುವುದಿಲ್ಲ, ವಿರುದ್ಧ ಆಹಾರ, ಕಫ ಕಟ್ಟುತ್ತದೆ. ಪಂಚಾಮೃತಕ್ಕೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಜೊತೆ ಬಾಳೆಹಣ್ಣೂ ಬೀಳುತ್ತದಲ್ವಾ ಅತ್ತಿಗೆ ಅಂದೆ. ‘ಅದು ದೇವರದ್ದು’ ಅಂದುಬಿಟ್ಟರು. ಅವರಂಥವರಿಗೆ ಅಂತಲೇ ಕಾಯಿಹಾಲಿನದ್ದು ಬೇರೆ ಮಾಡುತ್ತೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಈ ಡಿಪ್ಪಿನ ಶತ್ರು ಒಂದೇ, ನೀರು. ಕೆಟ್ಟದ್ದೆಲ್ಲ ನೀರಿನಿಂದಲೇ ಕೆಟ್ಟಿತು.

ಮೊದಲು ಬಸಿದ ಮೊಸರಿಗೆ ಸಕ್ಕರೆ ಪುಡಿ ಹಾಕಿ ನೋಡಿದೆ. ಕಲಸುವಾಗ ಬೆಣ್ಣೆ ಥರ ಇತ್ತು. ಒಂದು ಗಂಟೆಯೊಳಗೆ ಬಟ್ಟಲಿನ ಅಂಚಿನಲ್ಲಿ ನೀರು. ಸಕ್ಕರೆ ಮೊಸರಿನ ಒಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಶ್ರೀಖಂಡ ಮಾಡುವವರಿಗೆ ಇದು ಗೊತ್ತು, ಅದಕ್ಕೇ ಅವರು ಚಕ್ಕಾ (ಬಸಿದ ಮೊಸರು) ಅಷ್ಟು ಒಣಗಿಸುವುದು. ಮುಂದೆ ಜೋನಿಬೆಲ್ಲ ನೇರವಾಗಿ ಸುರಿದೆ. ಜೋನಿಯಲ್ಲೇ ನೀರಿನ ಅಂಶ ಇರುತ್ತದಲ್ವಾ, ಡಿಪ್ ಲಸ್ಸಿ ಆಯಿತು. ಅಚ್ಚುಬೆಲ್ಲ ಪುಡಿ ಮಾಡಿ ಹಾಕಿದ್ದೂ ಆಯಿತು. ಅದರಲ್ಲಿ ಹಲ್ಲಿಗೆ ಮರಳು ಸಿಕ್ಕಿತು, ಬಣ್ಣ ಕೂಡ ಅಲ್ಲಲ್ಲಿ ಮಚ್ಚೆ. ಒಂದು ಸಲ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡೋಣ ಅಂತ ಹೋದೆವು. ಬಸಿದ ಮೊಸರನ್ನು ಮಿಕ್ಸಿಗೆ ಹಾಕಲೇಬಾರದು. ಗಟ್ಟಿ ಇದ್ದದ್ದು ಅರ್ಧ ನಿಮಿಷದಲ್ಲಿ ತೆಳ್ಳಗಾಗಿ ಹರಿಯುತ್ತದೆ, ಮತ್ತೆ ಕೂಡಿ ಬರುವುದಿಲ್ಲ. ಆವತ್ತಿನ ಮೂರು ಲೀಟರ್ ಹಾಲಿನದ್ದು ಮನೆಯವರೇ ಎರಡು ದಿನ ಕುಡಿದರು. ಅಂತೂ ಸರಿಯಾಗುವ ಹೊತ್ತಿಗೆ ಹಾಲು, ಬೆಲ್ಲ, ಗೋಡಂಬಿ ಸೇರಿ ಎರಡೂವರೆ, ಮೂರು ಸಾವಿರ ಹೋಗಿರಬೇಕು.

ಈಗ ಮಾಡುವ ಕ್ರಮ ಹೀಗೆ. ಹಾಲು ಕೆನೆ ಜಾಸ್ತಿ ಇರುವುದೇ ಆಗಬೇಕು. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಫುಲ್ ಕ್ರೀಮಿನಲ್ಲಿ 6. ಲೀಟರಿಗೆ ಹತ್ತು ರೂಪಾಯಿ ಉಳಿಸೋಕೆ ಹೋದರೆ ಬಸಿದ ಮೇಲೆ ಸಿಗುವುದೂ ಕಡಿಮೆ, ನಾಲಿಗೆಗೆ ಒರಟು ಬೇರೆ. ಹಾಲನ್ನು ಸ್ವಲ್ಪ ಬತ್ತಿಸಿ ಹೆಪ್ಪು ಹಾಕುತ್ತೇನೆ. ಹೆಪ್ಪು ಕಡಿಮೆ, ಮೊಸರು ಸಿಹಿಯಾಗಿರುವಾಗಲೇ ಫ್ರಿಜ್ಜಿಗೆ. ಬಸಿಯುವುದು ಹಳೆ ಹತ್ತಿ ಪಂಚೆಯಲ್ಲಿ. ಟೆರಿಕಾಟ್ ಬಟ್ಟೆಯಲ್ಲಿ ನೀರು ಇಳಿಯುವುದಿಲ್ಲ. ಹೊರಗೆ ಮೊಳೆಗೆ ಕಟ್ಟಿ ನೇತುಹಾಕುವುದು ಚಳಿಗಾಲದಲ್ಲಿ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಹಾಗೆ ಮಾಡಿದರೆ ಬೆಳಗ್ಗೆ ಹುಳಿ ವಾಸನೆ. ಅದಕ್ಕೇ ತೂತಿನ ಪಾತ್ರೆಯಲ್ಲಿ ಗಂಟು ಇಟ್ಟು, ಮೇಲೆ ನೀರು ತುಂಬಿದ ತಪ್ಪಲೆ ಭಾರಕ್ಕೆ ಇಟ್ಟು, ಅಡಿಗೆ ಪಾತ್ರೆ ಕೊಟ್ಟು ಫ್ರಿಜ್ಜಿನಲ್ಲೇ ರಾತ್ರಿಯಿಡೀ ಬಿಡುತ್ತೇನೆ. ಒಂದು ಲೀಟರಿಗೆ ಸುಮಾರು ನಾನೂರು ಗ್ರಾಂ ಗಟ್ಟಿ ಸಿಗುತ್ತದೆ. ಕೆಳಗೆ ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ. ಮೆತ್ತಗೆ ಬರುತ್ತದೆ. ಭಟ್ಟರು ಸಾರಿಗೂ ಹಾಕುತ್ತಾರೆ, ಹುಣಸೆಹಣ್ಣು ಉಳಿಯುತ್ತದೆ.

ಜೋನಿ ಬರುವುದು ಸಾಗರದ ಕಡೆಯ ಆಲೆಮನೆಯಿಂದ. ಯಾರ ಆಲೆಮನೆ ಅಂತ ಕೇಳಬೇಡಿ, ಹೇಳಿದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ. ಕೆಜಿಗೆ ನೂರರ ಆಚೀಚೆ. ತುಂಬಾ ಹಳದಿಯಾಗಿ ಹೊಳೆಯುವ ಬೆಲ್ಲ ನಾನು ತೆಗೆದುಕೊಳ್ಳುವುದಿಲ್ಲ. ಬಣ್ಣ ಬಿಳಿಚಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕಂದು ಬಣ್ಣದ್ದೇ ಒಳ್ಳೆಯದು, ಡಿಪ್ಪಿಗೆ ಬಣ್ಣವೂ ಕೊಡುತ್ತದೆ. ಜೋನಿಯನ್ನು ಬಿಸಿ ಮಾಡಿ ಸೋಸಬೇಕು, ಕಬ್ಬಿನ ಸಿಪ್ಪೆ, ಕಸ ಇದ್ದೇ ಇರುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಬತ್ತಿಸಬೇಕು. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಹರಡದೆ ತಳದಲ್ಲಿ ಕೂರಬೇಕು. ಉಂಡೆ ಕಟ್ಟುವ ಹದಕ್ಕೆ ಹೋದರೆ ತಣ್ಣಗಿನ ಮೊಸರು ತಾಗಿದ ಕೂಡಲೇ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಮೊಸರಿಗೆ. ಬಿಸಿಯಲ್ಲಿ ಹಾಕಿದರೆ ಮೊಸರು ರವೆ ರವೆ.

ಗೋಡಂಬಿ ನೆನೆಸಿ ಆದಷ್ಟು ಕಡಿಮೆ ನೀರಲ್ಲಿ ರುಬ್ಬಿ. ಮೊಸರನ್ನು ಜರಡಿಯಲ್ಲಿ ಒತ್ತಿ ಇಳಿಸಿ, ಗೋಡಂಬಿ ಸೇರಿಸಿ, ಕೊನೆಗೆ ಜೋನಿಯನ್ನು ಕೈಯಲ್ಲೇ ಮೆಲ್ಲಗೆ ಕೂಡಿಸಿ. ಏಲಕ್ಕಿ, ಒಂದು ಚಿಟಿಕೆ ಉಪ್ಪು, ನಿಂಬೆ ಸಿಪ್ಪೆಯ ತುರಿ ಸ್ವಲ್ಪ. ಸಿಪ್ಪೆಯ ಬಿಳಿ ಭಾಗ ಬಂದರೆ ಕಹಿ. ಇನ್ನೊಂದು ಪುಡಿಯೂ ಬೀಳುತ್ತದೆ. ತಿಂದವರೆಲ್ಲ ‘ಏನೋ ಇದೆ, ಏನದು’ ಅಂತ ಕೇಳುವುದು ಅದನ್ನೇ. ಅದು ನನ್ನ ಹತ್ತಿರವೇ ಇರಲಿ. ಮಲೆನಾಡಿನವರಿಗೆ ಊಹೆ ಕಷ್ಟವಲ್ಲ. ಮೊಸರು, ಜೋನಿ ತಯಾರಿದ್ದರೆ ಕೂಡಿಸುವ ಕೆಲಸ ಹತ್ತು ನಿಮಿಷ ಕೂಡ ಹಿಡಿಯುವುದಿಲ್ಲ.

ಐವತ್ತು ಜನಕ್ಕೆ ಖರ್ಚು ಅಂದಾಜು ಹೇಳುತ್ತೇನೆ. ಹಾಲು ಮೂರೂವರೆ ಲೀಟರ್, ಇನ್ನೂರರ ಹತ್ತಿರ. ಜೋನಿ ಅರ್ಧ ಕೆಜಿ, ಐವತ್ತು. ಗೋಡಂಬಿ ನೂರು ಗ್ರಾಂ, ತೊಂಬತ್ತು ನೂರು. ಏಲಕ್ಕಿ, ಗ್ಯಾಸ್ ಇತ್ಯಾದಿ ಸೇರಿ ನಾನೂರು ಅಂತ ಇಟ್ಟುಕೊಳ್ಳಿ. ತಲೆಗೆ ಎಂಟು ರೂಪಾಯಿ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಅಡಿಕೆ ಹಾಳೆ ಬಟ್ಟಲು ಬೇರೆ, ಅದಕ್ಕೆ ಎರಡು ಮೂರು ರೂಪಾಯಿ. ಬಟ್ಟಲು ಬೇಡ, ದೊಡ್ಡ ಪಾತ್ರೆಯಲ್ಲಿ ಇಡೋಣ ಅಂತ ಯೋಚನೆ ಇದ್ದರೆ ಬಿಟ್ಟುಬಿಡಿ. ಅರ್ಧ ಕಚ್ಚಿದ ಹಣ್ಣನ್ನು ಮತ್ತೆ ಅದ್ದುವವರು ಇದ್ದೇ ಇರುತ್ತಾರೆ, ಎಂಜಲು ಅಂತ ಉಳಿದವರು ಆ ಕಡೆಗೇ ಬರುವುದಿಲ್ಲ. ನಾನು ಹಣ್ಣಿನ ತಟ್ಟೆಗೆ ಇಪ್ಪತ್ತು ರೂಪಾಯಿ ಜಾಸ್ತಿ ಹಾಕುತ್ತೇನೆ. ಇದುವರೆಗೆ ಯಾರೂ ಚೌಕಾಸಿ ಮಾಡಿಲ್ಲ.

ಹಣ್ಣಿನ ವಿಷಯಕ್ಕೆ ಬಂದರೆ, ಹಸಿ (ಬೇಯಿಸದ) ಅನಾನಸು ಇದಕ್ಕೆ ವೈರಿ. ಬಟ್ಟಲಿನ ಡಿಪ್ ಮೇಲೆಯೇ ಹೋಳು ಸಿಕ್ಕಿಸಿಟ್ಟು ಚಂದ ಕಾಣಿಸೋಣ ಅಂತ ಮಾಡಿದ್ದೆವು. ಬಡಿಸುವ ಹೊತ್ತಿಗೆ ಡಿಪ್ ಸಡಿಲ, ನಾಲಿಗೆಗೆ ಕಹಿ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ತುಂಡು ಮಾಡುತ್ತದೆ, ಕಹಿ ಬರುವುದು ಅದರಿಂದ. ಕಿವಿ ಹಣ್ಣಿನದ್ದೂ ಇದೇ ಬುದ್ಧಿ. ಅದ್ದಿ ತಕ್ಷಣ ತಿಂದರೆ ಏನೂ ಆಗುವುದಿಲ್ಲ, ಮೊದಲೇ ಕೂಡಿಸಿ ಇಡಬಾರದು ಅಷ್ಟೇ. ಇಡಲೇಬೇಕಾದರೆ ಅನಾನಸನ್ನು ಎರಡು ನಿಮಿಷ ಕುದಿಸಿ ಆರಿಸಿ, ಆ ಗುಣ ಹೋಗುತ್ತದೆ. ಬನವಾಸಿಯ ಅನಾನಸಾದರೆ ಕುದಿಸೋಕೆ ನನಗೆ ಮನಸ್ಸು ಬರುವುದಿಲ್ಲ.

ಗೆದ್ದದ್ದು ಪರಂಗಿ. ಯಾರೂ ಮುಟ್ಟದ ಪರಂಗಿ ಮೊದಲು ಖಾಲಿಯಾಗುತ್ತದೆ ಅಂದರೆ ನಂಬುತ್ತೀರಾ? ಅರೆಹಣ್ಣಾದ ಗಿಣಿಮೂತಿ ಮಾವು ಅದಕ್ಕಿಂತ ಚೆನ್ನ, ಹುಳಿಗೆ ಬೆಲ್ಲ ಕೂಡುತ್ತದೆ. ಮಲ್ಲಿಕಾ, ಬಾದಾಮಿ ಮಾವಿನ ಜೊತೆ ಬೇಡ, ಸಿಹಿ ಮೇಲೆ ಸಿಹಿ. ಸೀಬೆಗೆ ಮೇಲಿಂದ ಚೂರು ಖಾರದ ಪುಡಿ ಉದುರಿಸಿ ನೋಡಿ. ಕಲ್ಲಂಗಡಿ ಹೆಚ್ಚಿದ ಮೇಲೆ ನೀರು ಬಿಡುತ್ತಲೇ ಇರುತ್ತದೆ, ಡಿಪ್ ಜಾರುತ್ತದೆ. ಸಪೋಟ ಮತ್ತು ಡಿಪ್ ಒಂದೇ ಬಣ್ಣ, ತಟ್ಟೆಯಲ್ಲಿ ಕಾಣುವುದೇ ಇಲ್ಲ. ಯಾವ ಹಣ್ಣೇ ಆಗಲಿ, ಹೆಚ್ಚಿ ಬಟ್ಟೆ ಮೇಲೆ ಹರಡಿ ಮೇಲ್ಮೈ ಒಣಗಿಸಿ. ಇದೊಂದನ್ನು ನಮ್ಮ ಹುಡುಗರಿಗೆ ಎಷ್ಟು ಹೇಳಿದರೂ ಸಾಲದು.

ಕಾಯಿಹಾಲಿನದ್ದು ಹೇಳುತ್ತೇನೆ ಅಂದಿದ್ದೆ. ಗಟ್ಟಿ ಕಾಯಿಹಾಲು, ಮೊದಲನೇ ಹಿಂಡಿದ್ದು ಮಾತ್ರ. ಅದಕ್ಕೆ ಚೂರು ಅಕ್ಕಿಹಿಟ್ಟು ಕಲಸಿ ಸಣ್ಣ ಉರಿಯಲ್ಲಿ ತಿರುವಿ ದಪ್ಪ ಮಾಡಿ, ಆರಿದ ಮೇಲೆ ಜೋನಿ, ಹುರಿದ ಗಸಗಸೆ ಪುಡಿ. ಬಾಳೆಹಣ್ಣಿಗೆ, ಹಲಸಿನ ತೊಳೆಗೆ ಮೊಸರಿನದ್ದಕ್ಕಿಂತ ಇದೇ ರುಚಿ ಅಂತ ನನ್ನ ಅಭಿಪ್ರಾಯ. ಆದರೆ ಬೇಸಿಗೆಯಲ್ಲಿ ಹೊರಗೆ ಮೂರು ನಾಲ್ಕು ಗಂಟೆ ತಡೆದರೆ ಹೆಚ್ಚು. ಈಗಿನ ತೆಂಗಿನಕಾಯಿ ರೇಟಿಗೆ ಲಾಭವೂ ಅಷ್ಟಕ್ಕಷ್ಟೇ.

ಇದರ ನಡುವೆ ಕರಿ ಎಳ್ಳು ರುಬ್ಬಿ ಹಾಕಿದ್ದುಂಟು. ರುಚಿ ಪರವಾಗಿಲ್ಲ ಅನ್ನುವಂತಿತ್ತು, ಆದರೆ ಆ ಬೂದಿ ಬಣ್ಣ ನೋಡಿ ಯಾರೂ ಮುಟ್ಟಲಿಲ್ಲ. ಹುರಿದ ಶೇಂಗಾ, ಬೆಲ್ಲ ನುಣ್ಣಗೆ ರುಬ್ಬಿ ಸೇಬಿಗೆ ಕೊಟ್ಟದ್ದು ಮಕ್ಕಳಿಗೆ ತುಂಬಾ ಹಿಡಿಸಿತು. ಶೇಂಗಾ ಕೆಲವರಿಗೆ ಆಗುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಮೊಸರು ಬಸಿಯಲು ಹೊತ್ತಿಲ್ಲ, ನೆಂಟರು ಗೇಟಿನ ಹತ್ತಿರ ಬಂದಾಗಿದೆ ಅಂದರೆ ಗಟ್ಟಿ ಮೊಸರಿಗೆ ಹಾಲಿನ ಪುಡಿ ಜರಡಿ ಹಿಡಿದು ಹಾಕಿ, ಜೊತೆಗೆ ಒಂದು ಚಮಚ ಹುರಿಗಡಲೆ ಹಿಟ್ಟು. ಹುರಿಗಡಲೆ ಹಸಿ ವಾಸನೆ ಬರುವುದಿಲ್ಲ, ನೀರನ್ನೂ ಕುಡಿಯುತ್ತದೆ. ಮನೆಮಟ್ಟಿಗೆ ಸಾಕು. ದುಡ್ಡು ತೆಗೆದುಕೊಂಡು ಮಾಡುವ ಕಡೆ ನಾನು ಇದನ್ನು ಇಡುವುದಿಲ್ಲ.

ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಮೂರನೇ ದಿನ ಹುಳಿ ಎದ್ದು ಬರುತ್ತದೆ. ಬಡಿಸದೆ ಉಳಿದ ಡಿಪ್ಪನ್ನೂ ಕಪ್ಪಾಗಿ ಮಿಕ್ಕ ಬಾಳೆಹಣ್ಣನ್ನೂ ಒಟ್ಟಿಗೆ ಕಿವುಚಿ, ಜೀರಿಗೆ, ಚೂರು ಸೋಡಾ, ಮೈದಾ ಸೇರಿಸಿ ಬನ್ಸ್ ಹಿಟ್ಟು ನಾದಿಡಿ. ಮೊಸರೂ ಅದರಲ್ಲೇ ಇದೆ, ಸಿಹಿಯೂ ಇದೆ, ಬೇರೆ ಏನೂ ಹಾಕಬೇಕಾಗಿಲ್ಲ. ಬೆಲ್ಲ ಇರುವುದರಿಂದ ಬೇಗ ಕಪ್ಪಾಗುತ್ತದೆ, ಎಣ್ಣೆಯ ಉರಿ ಮಾತ್ರ ಸಣ್ಣದಿರಲಿ.